ಮುಪ್ಪಿಗೂ ಒಂದು ಮನೆಮಾತು: ಚೀನೀ ಹಿರಿಯರ ಆರೈಕೆ ಭಾಷಾ ಅಲ್ಪಸಂಖ್ಯಾತರಿಗೆ ಹೇಳುವುದೇನು?

2025ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಇಂಗ್ಲಿಷನ್ನು ಆ ದೇಶದ ಅಧಿಕೃತ ಭಾಷೆಯೆಂದು ಸಾರುವ ಆದೇಶಕ್ಕೆ ಸಹಿ ಹಾಕಿದರು. ಸುದ್ದಿಮಾಧ್ಯಮಗಳು ಆ ಘೋಷಣೆಯನ್ನೇ ದೊಡ್ಡದಾಗಿ ಬಿತ್ತರಿಸಿದವು. ಆದರೆ ಅದೇ ಆದೇಶದ ಇನ್ನೊಂದು ವಾಕ್ಯ, 2000ದ ಆಗಸ್ಟ್‌ನಲ್ಲಿ ಅಂದಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಹೊರಡಿಸಿದ್ದ 13166ನೆಯ ಆದೇಶವನ್ನು ರದ್ದುಪಡಿಸಿತು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಸರ್ಕಾರಿ ಸೇವೆಗಳು ಅರ್ಥವಾಗುವಂತೆ ದೊರೆಯಬೇಕೆಂದು ಕೇಂದ್ರದ ಇಲಾಖೆಗಳನ್ನು ಬದ್ಧಗೊಳಿಸಿದ್ದುದು ಆ ಹಳೆಯ ಆದೇಶ. ಕಾಲು ಶತಮಾನ ಅದರ ನೆರಳಿನಲ್ಲಿದ್ದವರಲ್ಲಿ ಚೀನೀ ಮೂಲದ ವೃದ್ಧರೂ ಸೇರಿದ್ದರು.

ಇದರಿಂದ ಎಲ್ಲ ಬಾಗಿಲುಗಳೂ ಮುಚ್ಚಿಹೋದವೆಂದು ಹೇಳಲಾಗದು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಉಳಿದಿದೆ. ಆರೋಗ್ಯ ಸೇವೆಯಲ್ಲಿ ತಾರತಮ್ಯವನ್ನು ನಿಷೇಧಿಸುವ 2010ರ ಕಾಯ್ದೆಯ ವಿಧಿಯೂ ಜಾರಿಯಲ್ಲಿದೆ. ಆದರೂ ಆಡಳಿತದ ಒತ್ತು ಬದಲಾದಾಗ ಮೊದಲು ಸಡಿಲವಾಗುವುದು ಕಾಗದದ ಮೇಲಿನ ಹಕ್ಕಲ್ಲ, ಅದನ್ನು ಜಾರಿಗೆ ತರುವ ಕೈಗಳು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವ ಎಂಬತ್ತರ ಅಜ್ಜಿಗೆ ತನ್ನ ಭಾಷೆಯ ದುಭಾಷಿ ಸಿಗುವುದೂ ಸಿಗದಿರುವುದೂ ಆ ಕೈಗಳನ್ನೇ ಅವಲಂಬಿಸಿರುತ್ತದೆ. ರಾಜ್ಯದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಎಂಬ ಸ್ಥಿತಿಯಲ್ಲಿ ತಲೆಮಾರುಗಳನ್ನು ಕಳೆದಿರುವ ಗಡಿನಾಡ ಓದುಗರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

‘ಯಶಸ್ವಿ ವೃದ್ಧಾಪ್ಯ’ದ ಅಳತೆಗೋಲು

ವೃದ್ಧಾಪ್ಯವನ್ನು ಕೇವಲ ರೋಗಗಳ ಪಟ್ಟಿಯಾಗಿ ನೋಡುತ್ತಿದ್ದ ಕಾಲದಲ್ಲಿ, ಅಮೆರಿಕದ ಜಾನ್ ರೋವ್ ಮತ್ತು ರಾಬರ್ಟ್ ಕಾನ್ ಎಂಬ ವಿದ್ವಾಂಸರು 1987ರಲ್ಲಿ ಬೇರೊಂದು ಪ್ರಶ್ನೆಯನ್ನು ಮುಂದಿಟ್ಟರು: ಕೆಲವರು ಚೆನ್ನಾಗಿ ಮುಪ್ಪಾಗುತ್ತಾರಲ್ಲ, ಅದು ಹೇಗೆ? ಹತ್ತು ವರ್ಷಗಳ ಅನಂತರ, 1997ರಲ್ಲಿ, ಅವರು ‘ಯಶಸ್ವಿ ವೃದ್ಧಾಪ್ಯ’ಕ್ಕೆ ಮೂರು ಲಕ್ಷಣಗಳನ್ನು ಹೇಳಿದರು. ರೋಗ ಮತ್ತು ಅಂಗವೈಕಲ್ಯದ ಸಂಭವ ಕಡಿಮೆಯಿರುವುದು, ದೇಹ ಮತ್ತು ಬುದ್ಧಿಯ ಸಾಮರ್ಥ್ಯ ಉಳಿದಿರುವುದು, ಬದುಕಿನಲ್ಲಿ ಸಕ್ರಿಯವಾಗಿ ತೊಡಗಿಕೊಂಡಿರುವುದು. ಈ ವಿಚಾರ ಬಹಳ ಪ್ರಭಾವ ಬೀರಿತು. ಅಷ್ಟೇ ತೀವ್ರವಾದ ಆಕ್ಷೇಪಗಳನ್ನೂ ಎದುರಿಸಿತು. ಯಾರ ನೆರವೂ ಇಲ್ಲದೆ ಒಂಟಿಯಾಗಿ ಎಲ್ಲವನ್ನೂ ನಿಭಾಯಿಸಬಲ್ಲ ವ್ಯಕ್ತಿಯೇ ಆದರ್ಶವೆಂಬ ಪಾಶ್ಚಾತ್ಯ ನಂಬಿಕೆ ಅದರ ತಳದಲ್ಲಿದೆ ಎಂಬುದು ಮುಖ್ಯ ಆಕ್ಷೇಪ.

ಚೀನೀ ಸಂಸ್ಕೃತಿಯಲ್ಲಿ ಬೆಳೆದ ಹಿರಿಯರೊಬ್ಬರಿಗೆ ಮಗಳ ಕೈ ಹಿಡಿದು ಮೆಟ್ಟಿಲಿಳಿಯುವುದು ಸೋಲಿನ ಗುರುತಲ್ಲ. ಮಕ್ಕಳು ನೋಡಿಕೊಳ್ಳುತ್ತಿದ್ದಾರೆ ಎಂಬುದೇ ಅವರ ಬಾಳಿನ ಗೆಲುವು. ಅಲ್ಲಿ ‘ಶಿಯಾವ್’ ಎಂದು ಕರೆಯಲ್ಪಡುವ ಮೌಲ್ಯ, ಅಂದರೆ ತಂದೆತಾಯಿಗಳ ವಿಷಯದಲ್ಲಿ ಮಕ್ಕಳ ಧರ್ಮ, ಕನ್‌ಫ್ಯೂಷಿಯಸ್ ಪರಂಪರೆಯ ಅಡಿಗಲ್ಲು. ಆ ಪದವನ್ನು ಬರೆಯುವ ಅಕ್ಷರದಲ್ಲಿಯೇ ಮೇಲೆ ವೃದ್ಧನ ಸಂಕೇತವೂ ಕೆಳಗೆ ಮಗುವಿನ ಸಂಕೇತವೂ ಇದ್ದು, ಕಿರಿಯ ಹಿರಿಯನನ್ನು ಹೊತ್ತಂತೆ ಕಾಣುತ್ತದೆ. ಇಂಥವರ ಮುಪ್ಪನ್ನು ‘ಸ್ವಾವಲಂಬನೆ’ ಎಂಬ ಒಂದೇ ಗೋಲಿನಿಂದ ಅಳೆದರೆ ಅಳತೆಯೇ ತಪ್ಪಾಗುತ್ತದೆ.

ಆನ್ ಲೋಕ್: ಒಂದು ಕೇರಿಯ ಪ್ರಯೋಗ

ಸಂಸ್ಕೃತಿಗೆ ಒಗ್ಗುವ ಆರೈಕೆ ಎಂಬ ಮಾತು ಉಪದೇಶವಾಗಿ ಉಳಿಯದೆ ವ್ಯವಸ್ಥೆಯಾಗಿ ಬೆಳೆದ ಕಥೆಯನ್ನು ತಿಳಿಯಲು ಸ್ಯಾನ್ ಫ್ರಾನ್ಸಿಸ್ಕೋ ನಗರದ ಚೈನಾಟೌನ್‌ಗೆ ಹೋಗಬೇಕು. 1882ರ ಚೀನೀ ಬಹಿಷ್ಕಾರ ಕಾಯ್ದೆಯಿಂದಾಗಿ ಅಲ್ಲಿನ ಅನೇಕ ಕಾರ್ಮಿಕರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾರದೆ ಒಂಟಿಯಾಗಿಯೇ ವಯಸ್ಸಾದರು. ಕಾಯ್ದೆ 1943ರಲ್ಲಿ ರದ್ದಾಯಿತು. ವಲಸೆಯ ದಾರಿ ನಿಜವಾಗಿ ತೆರೆದದ್ದು 1965ರ ಕಾನೂನಿನಿಂದ. ಹೀಗಾಗಿ 1970ರ ಸುಮಾರಿಗೆ ಆ ಕೇರಿಯ ಇಕ್ಕಟ್ಟಾದ ಕೋಣೆಗಳಲ್ಲಿ, ಬಂಧುಗಳಿಲ್ಲದ, ಇಂಗ್ಲಿಷ್ ಬಾರದ ಮುದುಕರು ದೊಡ್ಡ ಸಂಖ್ಯೆಯಲ್ಲಿದ್ದರು.

ಅವರಿಗಾಗಿ ಒಂದು ಶುಶ್ರೂಷಾಲಯವನ್ನು ಕಟ್ಟಬಹುದೇ ಎಂದು ಪರಿಶೀಲಿಸುವ ಹೊಣೆ ಮೇರಿ-ಲೂಯಿ ಆನ್ಸಾಕ್ ಎಂಬ ಸಮಾಜ ಕಾರ್ಯಕರ್ತೆಗೆ ಬಂದಿತು. ವಿಲಿಯಂ ಗೀ ಎಂಬ ದಂತವೈದ್ಯರು ಅವರ ಜೊತೆಗಿದ್ದರು. ಭೂಮಿಯ ಬೆಲೆ ಕೈಗೆಟುಕದಷ್ಟಿತ್ತು. ಅದಕ್ಕಿಂತ ಮಿಗಿಲಾಗಿ, ಮನೆಯವರಿಂದ ದೂರವಾಗಿ ಅಪರಿಚಿತರ ನಡುವೆ ಕೊನೆಯುಸಿರೆಳೆಯುವ ಜಾಗವನ್ನು ಆ ಹಿರಿಯರು ಒಪ್ಪುವಂತಿರಲಿಲ್ಲ. ಆದ್ದರಿಂದ 1971ರಲ್ಲಿ ಆರಂಭವಾದ ಸಂಸ್ಥೆಯು ಬ್ರಿಟನ್ನಿನ ಹಗಲು ಆಸ್ಪತ್ರೆಗಳ ಮಾದರಿಯನ್ನು ಹಿಡಿಯಿತು. ಹಿರಿಯರು ರಾತ್ರಿ ತಮ್ಮ ಮನೆಯಲ್ಲಿಯೇ ಇರಲಿ, ಹಗಲಿನಲ್ಲಿ ಕೇಂದ್ರಕ್ಕೆ ಬರಲಿ, ಊಟ, ಔಷಧ, ವ್ಯಾಯಾಮ, ಹರಟೆ ಎಲ್ಲವೂ ಅಲ್ಲಿಯೇ ದೊರೆಯಲಿ ಎಂಬುದು ಅದರ ಯೋಜನೆ. ಮೊದಲ ಕೇಂದ್ರ 1973ರಲ್ಲಿ ತೆರೆಯಿತು. ಸಂಸ್ಥೆಯ ಹೆಸರು ‘ಆನ್ ಲೋಕ್’. ಕ್ಯಾಂಟನೀಸ್ ಭಾಷೆಯಲ್ಲಿ ಅದರ ಅರ್ಥ, ನೆಮ್ಮದಿ ಮತ್ತು ಸಂತೋಷದ ನೆಲೆ.

ಮುಂದೆ ವೈದ್ಯರು, ದಾದಿಯರು, ಸಮಾಜ ಕಾರ್ಯಕರ್ತರು, ಪಥ್ಯಾಹಾರ ತಜ್ಞರು, ಕೊನೆಗೆ ವಾಹನ ಚಾಲಕರೂ ಒಂದೇ ತಂಡವಾಗಿ ಕುಳಿತು ಪ್ರತಿಯೊಬ್ಬ ಹಿರಿಯರ ಆರೈಕೆಯನ್ನು ನಿರ್ಧರಿಸುವ ಪದ್ಧತಿ ರೂಪುಗೊಂಡಿತು. ಪ್ರತಿ ಸೇವೆಗೂ ಬೇರೆ ಬೇರೆ ಬಿಲ್ಲು ಮಾಡುವ ಬದಲು ಒಬ್ಬ ವ್ಯಕ್ತಿಗೆ ತಿಂಗಳಿಗೆ ಇಂತಿಷ್ಟು ಎಂದು ಸರ್ಕಾರ ಒಟ್ಟಾಗಿ ಪಾವತಿಸುವ ಕ್ರಮ ಬಂದಿತು. ಆಸ್ಪತ್ರೆ ಸೇರಿದರೆ ಆ ಖರ್ಚೂ ಸಂಸ್ಥೆಯದೇ ಆದ್ದರಿಂದ, ಹಿರಿಯರು ಬೀಳದಂತೆ, ಔಷಧ ತಪ್ಪಿಸದಂತೆ, ಒಂಟಿತನದಲ್ಲಿ ಕುಸಿಯದಂತೆ ನೋಡಿಕೊಳ್ಳುವುದೇ ಸಂಸ್ಥೆಗೆ ಲಾಭ. 1997ರಲ್ಲಿ ಅಮೆರಿಕದ ಸಂಸತ್ತು ಈ ಮಾದರಿಗೆ ‘ಪೇಸ್’ ಎಂಬ ಹೆಸರಿನಲ್ಲಿ ಶಾಶ್ವತ ಮಾನ್ಯತೆ ನೀಡಿತು. ಶುಶ್ರೂಷಾಲಯದ ಮಟ್ಟದ ಆರೈಕೆ ಬೇಕಾದ, 55 ವರ್ಷ ದಾಟಿದ ಯಾವ ಜನಾಂಗದವರೇ ಆಗಲಿ ಇಂದು ಅದಕ್ಕೆ ಸೇರಬಹುದು. ಒಂದು ಭಾಷಾ ಅಲ್ಪಸಂಖ್ಯಾತ ಕೇರಿಯ ಮುದುಕರಿಗಾಗಿ ರೂಪಿಸಿದ್ದು ಇಡೀ ದೇಶದ ಮುದುಕರಿಗೆ ದಾರಿಯಾದದ್ದು ಹೀಗೆ.

ಇದೇ ನಗರದ ಚೀನೀ ವಿದ್ಯಾರ್ಥಿಗಳು ಹೂಡಿದ ಮೊಕದ್ದಮೆಯಲ್ಲಿಯೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ, ಅರ್ಥವಾಗದ ಭಾಷೆಯಲ್ಲಿ ಎಲ್ಲರಿಗೂ ಒಂದೇ ಪಾಠ ಹೇಳುವುದು ಸಮಾನತೆಯಾಗದು ಎಂಬ ನಿಲುವಿಗೆ ಬಂದಿತು. ಶಾಲೆಯಲ್ಲಿ ಭಾಷೆಯ ಹಕ್ಕು, ಮುಪ್ಪಿನಲ್ಲಿ ಭಾಷೆಯ ಹಕ್ಕು ಎರಡೂ ಒಂದೇ ಊರಿನಲ್ಲಿ, ಒಂದೇ ದಶಕದಲ್ಲಿ ಕಣ್ಣುಬಿಟ್ಟವು.

ಕೆನಡಾದ ಟೊರಾಂಟೊ ನಗರದಲ್ಲಿ 1994ರಲ್ಲಿ ಆರಂಭವಾದ ‘ಯೀ ಹಾಂಗ್’ ಶುಶ್ರೂಷಾಲಯ ಇನ್ನೊಂದು ಉದಾಹರಣೆ. ಅಲ್ಲಿನ ಸಿಬ್ಬಂದಿ ಹಿರಿಯರ ಭಾಷೆಯಲ್ಲಿಯೇ ಮಾತನಾಡುತ್ತಾರೆ, ಅಡುಗೆ ಚೀನೀ ಮನೆಗಳ ಅಡುಗೆ. ಅಲ್ಲಿ ಪ್ರವೇಶಕ್ಕಾಗಿ ವರ್ಷಗಟ್ಟಲೆ ಕಾಯುವವರ ಪಟ್ಟಿಯಿದೆ. ವೃದ್ಧರನ್ನು ಹೊರಗೆ ಬಿಡುವುದೇ ಅವಮಾನವೆಂದು ತಿಳಿದಿದ್ದ ಸಮುದಾಯ, ತನ್ನದೆನ್ನಿಸುವ ಜಾಗ ದೊರೆತಾಗ ಸರದಿಯಲ್ಲಿ ನಿಲ್ಲುತ್ತದೆ ಎಂಬುದು ಇಲ್ಲಿನ ಪಾಠ.

ಮಾತು, ಗಂಜಿ, ಮೈಚಲನೆ

ಸಂಸ್ಕೃತಿಗೆ ಒಗ್ಗುವ ಆರೈಕೆ ಎಂದರೆ ಗೋಡೆಗೆ ಕೆಂಪು ಕಂದೀಲು ತೂಗುಹಾಕುವುದೆಂಬ ತಪ್ಪು ಕಲ್ಪನೆ ಅಲ್ಲಿಯೂ ಇದೆ. ನಿಜವಾದ ಕೆಲಸ ಸಣ್ಣ ವಿವರಗಳಲ್ಲಿ ನಡೆಯುತ್ತದೆ.

ಮೊದಲನೆಯದು ಭಾಷೆ. ‘ಚೀನೀ ಭಾಷೆ’ ಎಂಬ ಒಂದೇ ಹೆಸರಿನಡಿ ಮ್ಯಾಂಡರಿನ್, ಕ್ಯಾಂಟನೀಸ್, ಟೈಶಾನೀಸ್, ಫೂಜೌ ಕಡೆಯ ನುಡಿ ಮುಂತಾದವು ಸೇರಿಹೋಗುತ್ತವೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದಷ್ಟು ಅಂತರ ಇವುಗಳಲ್ಲಿದೆ. ಟೈಶಾನ್ ಕಡೆಯಿಂದ ಬಂದ ಅಜ್ಜನಿಗೆ ಮ್ಯಾಂಡರಿನ್ ದುಭಾಷಿಯನ್ನು ಒದಗಿಸಿದರೆ ದಾಖಲೆಯಲ್ಲಿ ಸೇವೆ ಸಂದಿರುತ್ತದೆ, ಅಜ್ಜನ ನೋವು ಮಾತ್ರ ವೈದ್ಯರಿಗೆ ತಲುಪಿರುವುದಿಲ್ಲ. ಶಿಕಾಗೋ ನಗರದಲ್ಲಿ 2011ರಿಂದ 2013ರವರೆಗೆ 60 ವರ್ಷ ದಾಟಿದ 3,159 ಚೀನೀ ಹಿರಿಯರನ್ನು ಸಂದರ್ಶಿಸಿದ ‘ಪೈನ್’ ಅಧ್ಯಯನವು ಪ್ರತಿಯೊಬ್ಬರನ್ನೂ ಅವರವರು ಬಯಸಿದ ನುಡಿಯಲ್ಲಿ ಮಾತನಾಡಿಸಿತು. ಮನೆಯ ಗುಟ್ಟು ಹೊರಗೆ ಹೋಗಬಾರದೆಂಬ ಸಂಕೋಚವುಳ್ಳ ಸಮುದಾಯದಲ್ಲಿ ಒಂಟಿತನ, ಖಿನ್ನತೆ, ಮನೆಯವರಿಂದಲೇ ಆಗುವ ಕಿರುಕುಳಗಳೂ ಬೆಳಕಿಗೆ ಬರಲು ಇದು ನೆರವಾಯಿತು.

ಮೊಮ್ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡುವ ರೂಢಿಯ ಬಗ್ಗೆಯೂ ಒಂದು ಮಾತು. ತುರ್ತುಸ್ಥಿತಿಯ ಹೊರತು ಎಳೆಯ ಮಕ್ಕಳಿಂದ ಈ ಕೆಲಸ ಮಾಡಿಸಬಾರದೆಂದು ಅಮೆರಿಕದ ಆರೋಗ್ಯ ನಿಯಮಗಳು ಹೇಳುತ್ತವೆ. ಗರ್ಭಕೋಶದ ತೊಂದರೆಯನ್ನು ಹನ್ನೆರಡರ ಮೊಮ್ಮಗನ ಮುಂದೆ ಯಾವ ಅಜ್ಜಿಯೂ ಬಿಡಿಸಿ ಹೇಳಲಾರಳು.

ಎರಡನೆಯದು ಆಹಾರ. ಕಾಯಿಲೆಯ ಹಿರಿಯರಿಗೆ ತಣ್ಣೀರು, ಹಸಿ ಸೊಪ್ಪು, ತಣ್ಣನೆಯ ಹಾಲು ಕೊಡುವ ಆಸ್ಪತ್ರೆ, ಅವರ ದೃಷ್ಟಿಯಲ್ಲಿ ರೋಗವನ್ನು ಬೆಳೆಸುವ ಜಾಗ. ಚೀನೀ ವೈದ್ಯ ಪರಂಪರೆಯಲ್ಲಿ ಆಹಾರಕ್ಕೆ ಉಷ್ಣ ಮತ್ತು ಶೀತ ಗುಣಗಳಿವೆ. ನಮ್ಮ ಅಜ್ಜಿಯರಿಗೂ ಈ ಲೆಕ್ಕ ಗೊತ್ತು. ಬಿಸಿನೀರು, ಬಿಸಿ ಗಂಜಿ ಕೊಟ್ಟರೆ ತಟ್ಟೆ ಖಾಲಿಯಾಗುತ್ತದೆ. ಚೀನೀಯರ ಅಕ್ಕಿಗಂಜಿಯನ್ನು ಇಂಗ್ಲಿಷಿನಲ್ಲಿ ಕರೆಯುವ ‘ಕಾಂಜಿ’ ಎಂಬ ಪದವು ದ್ರಾವಿಡ ನುಡಿಗಳ ಕಂಜಿ, ಗಂಜಿಗಳ ಬಂಧುವೇ ಆಗಿದ್ದು, ಪೋರ್ಚುಗೀಸರ ಮೂಲಕ ಅಲ್ಲಿಗೆ ಹೋದದ್ದು. ವೃದ್ಧರ ಅಪೌಷ್ಟಿಕತೆಗೆ ಹಲವೊಮ್ಮೆ ಕಾರಣವಾಗುವುದು ಆಹಾರದ ಕೊರತೆಯಲ್ಲ, ಬಾಯಿಗೆ ಒಗ್ಗದ ಆಹಾರ.

ಮೂರನೆಯದು ಮೈಚಲನೆ. ತೈಚಿ ವ್ಯಾಯಾಮವನ್ನು ಚೀನಾದ ಕ್ರೀಡಾ ಆಡಳಿತವು 1956ರಲ್ಲಿ 24 ಭಂಗಿಗಳಿಗೆ ಸರಳಗೊಳಿಸಿ ಜನಸಾಮಾನ್ಯರಿಗೆ ಒದಗಿಸಿತು. ಅಮೆರಿಕದ ಆರೆಗನ್ ರಾಜ್ಯದಲ್ಲಿ 670 ಹಿರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೈಚಿ ಆಧಾರಿತ ಅಭ್ಯಾಸ ಮಾಡಿದವರು ಬೀಳುವ ಪ್ರಮಾಣ, ಕೇವಲ ಕೈಕಾಲು ಚಾಚುವ ವ್ಯಾಯಾಮ ಮಾಡಿದವರಿಗಿಂತ ಶೇ. 58ರಷ್ಟು ಕಡಿಮೆಯಿತ್ತು. ಪರಂಪರೆಯ ಒಂದು ಅಭ್ಯಾಸವು ಆಧುನಿಕ ಪರೀಕ್ಷೆಗೆ ನಿಂತು ಗೆದ್ದದ್ದು ಗಮನಾರ್ಹ. ಚೀನಾದ ನಗರಗಳಲ್ಲಿ ಸಂಜೆ ಚೌಕಗಳಲ್ಲಿ ಸೇರಿ ಕುಣಿಯುವ ಹಿರಿಯ ಮಹಿಳೆಯರ ಗುಂಪುಗಳಿಗೆ ನೆರೆಯವರಿಂದ ಗದ್ದಲದ ದೂರು ಬರುವುದುಂಟು. ಆದರೆ ಒಂಟಿತನಕ್ಕೆ ಅದಕ್ಕಿಂತ ಅಗ್ಗದ ಮದ್ದು ಸಿಗುವುದು ಕಷ್ಟ.

ನಾಲ್ಕನೆಯದು, ಮನಸ್ಸಿನ ನೋವಿಗೆ ಇರುವ ಹೆಸರು. ಮನೋವೈದ್ಯ ಹಾಗೂ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಅವರು ಚೀನಾದ ಹುನಾನ್ ಪ್ರಾಂತದಲ್ಲಿ ನಡೆಸಿ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನರದೌರ್ಬಲ್ಯ’ವೆಂದು ಗುರುತಿಸಲಾಗಿದ್ದ 100 ರೋಗಿಗಳ ಪೈಕಿ 87 ಮಂದಿಯಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳಿದ್ದವು. ಅವರು ಹೇಳಿಕೊಂಡದ್ದು ತಲೆನೋವು, ನಿದ್ರಾಹೀನತೆ, ಸುಸ್ತು. ‘ನಿಮಗೆ ಬೇಸರವೇ?’ ಎಂದು ಕೇಳುವ ವೈದ್ಯನಿಗೆ ‘ಇಲ್ಲ’ ಎಂಬ ಉತ್ತರ ಸಿಗುತ್ತದೆ. ‘ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ?’ ಎಂದು ಕೇಳುವವನಿಗೆ ಕಥೆಯೇ ತೆರೆದುಕೊಳ್ಳುತ್ತದೆ. ಮರೆವಿನ ಕಾಯಿಲೆಗೆ ಚೀನೀ ಭಾಷೆಯಲ್ಲಿದ್ದ ಹಳೆಯ ಹೆಸರು ಪೆದ್ದುತನವನ್ನು ಸೂಚಿಸುವಂಥದು. ಜಪಾನ್ 2004ರಲ್ಲಿ ಅಂಥ ತನ್ನ ಹಳೆಯ ಪದವನ್ನು ಅಧಿಕೃತವಾಗಿ ಕೈಬಿಟ್ಟಿತು. ತೈವಾನ್ ಮತ್ತು ಹಾಂಗ್‌ಕಾಂಗ್‌ಗಳೂ ಹೊಸ ಹೆಸರುಗಳನ್ನು ಬಳಕೆಗೆ ತಂದವು. ‘ಅರವತ್ತಕ್ಕೆ ಅರಳುಮರಳು’ ಎಂದು ನಗುವ ನಾವು, ಆ ನಗೆಯ ಮರೆಯಲ್ಲಿ ಎಷ್ಟು ಕಾಯಿಲೆಗಳು ವೈದ್ಯರನ್ನು ಕಾಣದೆ ಉಳಿದಿವೆ ಎಂದು ಯೋಚಿಸಬೇಕಾಗಿದೆ.

ಧರ್ಮವನ್ನು ಕಾನೂನು ಹೊರಬಲ್ಲುದೇ?

ಹಾಗೆಂದು ‘ಶಿಯಾವ್’ ಎಲ್ಲಕ್ಕೂ ಪರಿಹಾರವೆಂದು ಭಾವಿಸುವುದು ಇನ್ನೊಂದು ತಪ್ಪು. ಚೀನಾದ 2020ರ ಜನಗಣತಿಯ ಪ್ರಕಾರ 60 ವರ್ಷ ದಾಟಿದವರು ಸುಮಾರು 26.4 ಕೋಟಿ, ಅಂದರೆ ಜನಸಂಖ್ಯೆಯ ಶೇ. 18.7. 2015ರವರೆಗೆ ನಡೆದ ಒಂದೇ ಮಗುವಿನ ನೀತಿಯ ಫಲವಾಗಿ, ಒಬ್ಬ ಮಗ ಅಥವಾ ಮಗಳ ಹೆಗಲ ಮೇಲೆ ತಂದೆತಾಯಿ ಇಬ್ಬರ ಭಾರವಿದೆ. ಮದುವೆಯಾದರೆ ನಾಲ್ವರ ಭಾರ. ಆ ಮಗ ದೂರದ ನಗರದ ಕಾರ್ಖಾನೆಯಲ್ಲಿದ್ದರೆ ಹಳ್ಳಿಯ ಮನೆಯಲ್ಲಿ ಉಳಿಯುವವರು ಮುದುಕರು ಮಾತ್ರ. ನಗರ ಮತ್ತು ಗ್ರಾಮೀಣ ನಿವಾಸಿಗಳ ಯೋಜನೆಯಲ್ಲಿ ಸರ್ಕಾರ ನಿಗದಿಪಡಿಸಿದ ಕನಿಷ್ಠ ಮೂಲ ಪಿಂಚಣಿ 2025ರಲ್ಲಿ ತಿಂಗಳಿಗೆ 143 ಯುವಾನ್. ಅಷ್ಟರಲ್ಲಿ ಬದುಕು ಸಾಗದು.

ಮಕ್ಕಳು ಆಗಾಗ ಬಂದು ನೋಡಬೇಕು, ಕ್ಷೇಮ ವಿಚಾರಿಸಬೇಕು ಎಂಬ ನಿಯಮವನ್ನು ಚೀನಾ ತನ್ನ ಹಿರಿಯರ ಹಕ್ಕುಗಳ ಕಾನೂನಿಗೆ ಸೇರಿಸಿ 2013ರ ಜುಲೈ 1ರಿಂದ ಜಾರಿಗೆ ತಂದಿತು. ಅದೇ ದಿನ ವೂಶಿ ನಗರದ ನ್ಯಾಯಾಲಯವೊಂದು, ಎರಡು ತಿಂಗಳಿಗೊಮ್ಮೆಯಾದರೂ ತಾಯಿಯನ್ನು ನೋಡಿಬರಬೇಕೆಂದು ಮಗಳೊಬ್ಬಳಿಗೆ ಆದೇಶಿಸಿತು. ಭಾರತದಲ್ಲಿಯೂ ತಂದೆತಾಯಿಗಳ ಪೋಷಣೆಯ ಕಾಯ್ದೆ 2007ರಿಂದ ಇದೆ. ನ್ಯಾಯಾಲಯ ಮಗಳನ್ನು ಬಾಗಿಲವರೆಗೆ ತರಬಲ್ಲುದು, ಬಾಗಿಲಿನೊಳಗಿನ ಅಕ್ಕರೆಯನ್ನು ತರಲಾರದು. ಅದಕ್ಕಿಂತ ಮುಖ್ಯವಾಗಿ, ‘ನೋಡಿಕೊಳ್ಳುವುದು ಮಕ್ಕಳ ಧರ್ಮ’ ಎಂಬ ಮಾತು ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳುವ ನೆಪವಾಗಬಾರದು. ಆ ಧರ್ಮದ ದೈನಂದಿನ ದುಡಿಮೆ ಬಹುಪಾಲು ಹೆಣ್ಣುಮಕ್ಕಳದು, ಸೊಸೆಯಂದಿರದು ಎಂಬುದನ್ನೂ ಮರೆಯಲಾಗದು. ಆನ್ ಲೋಕ್ ಮಾದರಿಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಅದು ಮಕ್ಕಳ ಜಾಗವನ್ನು ಕಸಿಯಲಿಲ್ಲ, ಹಗಲಿನ ಭಾರವನ್ನು ತಾನು ಹೊತ್ತು ರಾತ್ರಿಯ ಅಕ್ಕರೆಗೆ ಮಕ್ಕಳಲ್ಲಿ ತ್ರಾಣ ಉಳಿಸಿತು.

ಗಡಿನಾಡಿನ ಹಿರಿಯರ ಮುಂದೆ

ಈಗ ನಮ್ಮ ಕಡೆಗೆ ತಿರುಗೋಣ. ನಮ್ಮ ಹಿರಿಯರು ವಲಸೆ ಹೋದವರಲ್ಲ. ಅವರು ಇದ್ದಲ್ಲಿಯೇ ಇದ್ದರು, ಗಡಿಗಳು ಅವರನ್ನು ದಾಟಿ ಹೋದವು. ಆದೋನಿ, ರಾಯದುರ್ಗಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳದ ಭಾಗವಾಯಿತು. ಇಂದು ಎಂಬತ್ತರ ಗಡಿಯಲ್ಲಿರುವ ಕಾಸರಗೋಡಿನ ಹಿರಿಯರು ಒಂದನೆಯ ತರಗತಿಗೆ ಸೇರಿದಾಗ ಆ ಊರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅವರ ಮೊಮ್ಮಕ್ಕಳಿಗೆ ಮಲಯಾಳ ಸಲೀಸು. ಅವರಿಗೆ ಔಷಧದ ಚೀಟಿಯಲ್ಲಿನ ಮಲಯಾಳ ಇನ್ನೂ ಗೆರೆಗಳ ಜೋಡಣೆ.

ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಕುರಿತ ನಮ್ಮ ಹೋರಾಟ ಈವರೆಗೆ ಶಾಲೆ, ಅಧ್ಯಾಪಕರ ನೇಮಕಾತಿ, ಪರೀಕ್ಷೆ, ನಾಮಫಲಕಗಳ ಸುತ್ತ ನಡೆದಿದೆ. ಸಂವಿಧಾನದ 350ಎ ವಿಧಿ ಮಾತನಾಡುವುದು ಮಕ್ಕಳ ಪ್ರಾಥಮಿಕ ಶಿಕ್ಷಣದ ಬಗ್ಗೆ. 1969ರ ಕೇರಳ ರಾಜಭಾಷಾ ಕಾಯ್ದೆ ಕನ್ನಡಿಗರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕೊಡುತ್ತದೆ. ಎದೆನೋವಿನಿಂದ ಬಳಲುವ ಅಜ್ಜ ಪತ್ರ ಬರೆಯುವುದಿಲ್ಲ, ನರಳುತ್ತಾನೆ. ಆ ನರಳಿಕೆಯನ್ನು ಅವನ ಮಾತಿನಲ್ಲಿ ಕೇಳಿಸಿಕೊಳ್ಳುವ ಕಿವಿ ಹಕ್ಕಿನ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ.

ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳ ಮೂಲಕ ಮನೆಮನೆಗೆ ತಲುಪುವ ಉಪಶಾಮಕ ಆರೈಕೆಗೆ 2008ರಿಂದಲೇ ರಾಜ್ಯ ನೀತಿಯಿದೆ. ಮನೆಬಾಗಿಲಿಗೆ ಔಷಧ ಒಯ್ಯುವ ತಮಿಳುನಾಡಿನ ಯೋಜನೆ 2021ರ ಆಗಸ್ಟ್‌ನಲ್ಲಿ ಆರಂಭವಾದದ್ದು ಹೊಸೂರು ಸೇರಿರುವ ಕೃಷ್ಣಗಿರಿ ಜಿಲ್ಲೆಯಲ್ಲಿಯೇ. ಮನೆಗೆ ಬರುವ ದಾದಿಗೆ ಆ ಮನೆಯ ಮಾತು ಬರುವಂತೆ ಮಾಡುವುದಷ್ಟೇ ಬಾಕಿ. ಕನ್ನಡ ಪ್ರದೇಶದ ತಂಡಗಳಿಗೆ ಕನ್ನಡ ಬಲ್ಲವರನ್ನು ಆದ್ಯತೆಯ ಮೇಲೆ ನೇಮಿಸಲಿ. ಔಷಧದ ಸೂಚನೆಗಳೂ ಆಸ್ಪತ್ರೆಯಿಂದ ಬಿಡುಗಡೆಯ ಚೀಟಿಯೂ ಕನ್ನಡದಲ್ಲಿರಲಿ. ಚೀನೀ ಹಿರಿಯರಿಗೆ ಮ್ಯಾಂಡರಿನ್ ಸಾಲದಂತೆ, ಇಲ್ಲಿ ಪುಸ್ತಕದ ಕನ್ನಡವೂ ಸಾಲದು. ತುಳು, ಕೊಂಕಣಿ, ಹವ್ಯಕ ನುಡಿಗಳಲ್ಲಿ ನೋವು, ಉರಿ, ಸೆಳೆತ, ತಲೆಸುತ್ತುಗಳಿಗೆ ಇರುವ ಮಾತುಗಳ ಕಿರುಪಟ್ಟಿಯೊಂದನ್ನು ನಮ್ಮ ಸಂಘಟನೆಗಳೇ ತಯಾರಿಸಿ ಆರೋಗ್ಯ ಕೇಂದ್ರಗಳಿಗೆ ಕೊಡಬಹುದು. ಹಗಲು ಮನೆಗಳಲ್ಲಿ ಟಿ.ವಿ.ಯ ಮುಂದೆ ಕೂರಿಸುವ ಬದಲು ವಾರಕ್ಕೊಂದು ತಾಳಮದ್ದಳೆ, ಭಜನೆ, ಗಟ್ಟಿಯಾಗಿ ಪತ್ರಿಕೆ ಓದುವ ಕೂಟ ನಡೆದರೆ, ವಿದ್ವಾಂಸರು ಹೇಳುವ ‘ಸಕ್ರಿಯ ತೊಡಗಿಕೊಳ್ಳುವಿಕೆ’ ತಾನಾಗಿಯೇ ಬರುತ್ತದೆ.

ಮರೆವಿನ ಕಾಯಿಲೆ ಹೆಚ್ಚಾದಂತೆ ಆಮೇಲೆ ಕಲಿತ ಭಾಷೆ ಮೊದಲು ಸಡಿಲವಾಗಿ, ಬಾಲ್ಯದ ಮಾತು ಕೊನೆಯವರೆಗೆ ಉಳಿಯುವುದನ್ನು ಅನೇಕ ಆರೈಕೆದಾರರು ಕಂಡಿದ್ದಾರೆ. ಬದುಕಿಡೀ ಎರಡು ಮೂರು ಭಾಷೆಗಳಲ್ಲಿ ವ್ಯವಹರಿಸಿದ ಗಡಿನಾಡಿನ ಹಿರಿಯರು ಕೊನೆಗೆ ಮರಳುವುದು ಒಂದೇ ಭಾಷೆಗೆ. ಆ ಹೊತ್ತಿನಲ್ಲಿ ಅವರು ನೀರು ಕೇಳಿದರೆ ಅದು ನೀರೆಂದು ತಿಳಿಯುವವರು ಪಕ್ಕದಲ್ಲಿರಬೇಕು. ಪಂಚಾಯತಿನ ಮುಂದಿನ ಯೋಜನಾ ಸಭೆಯಲ್ಲಿ ಶಾಲೆಯ ಬೇಡಿಕೆಯ ಜೊತೆಗೆ ಈ ಬೇಡಿಕೆಯೂ ಲಿಖಿತವಾಗಿ ಸಲ್ಲಿಕೆಯಾಗಲಿ.